ಕನ್ನಡಿ ಮುಂದೆ ಕೂತ ತಾಯಿ

ನಿದ್ದೆ ಮಾಡುತ್ತಿರುವ ಮಗುವಿನ ಚಿತ್ರ ಬಿಡಿಸೋದು ಸುಲಭ ಅಂದುಕೊಂಡಿದ್ದೆ. ಅಲುಗಾಡೋದಿಲ್ಲ, ಮೂಗು ಕೆರೆದುಕೊಳ್ಳೋದಿಲ್ಲ, ಎರಡು ನಿಮಿಷಕ್ಕೊಮ್ಮೆ "ಆಯ್ತಾ ಅಮ್ಮಾ?" ಅಂತ ಕೇಳೋದಿಲ್ಲ. ನಲವತ್ತರ ಹತ್ತಿರ ಬಂದ ಮೇಲೆ ಭಾನುವಾರದ ಡ್ರಾಯಿಂಗ್ ಕ್ಲಾಸಿಗೆ ಸೇರಿದ ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಮಾಡೆಲ್ ಎಲ್ಲಿ ಸಿಗಬೇಕು ಹೇಳಿ? "ಮೊದಲು ಮನೇಲಿರೋರನ್ನ ಬರೀರಿ, ಆಮೇಲೆ ಊರಿನವರನ್ನ ಬರೆಯೋಣ" ಅಂತ ನಮ್ಮ ಮೇಷ್ಟ್ರು ಬೇರೆ ಹೇಳಿದ್ದರು.

ಹಾಗಾಗಿ ಒಂದು ರಾತ್ರಿ ಮಗ ಮಲಗಿದ ಮೇಲೆ ಅವನ ಮಂಚದ ಪಕ್ಕ ಕೂತು ಪೆನ್ಸಿಲ್ ಹಿಡಿದೆ. ಅವನಿಗೆ ಏಳು ವರ್ಷ. ತಲೆ ದಿಂಬಿನಿಂದ ಜಾರಿ ಹಿಂದಕ್ಕೆ ಬಿದ್ದಿತ್ತು, ಬಾಯಿ ಅರ್ಧ ತೆರೆದಿತ್ತು, ಒಂದು ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಮುಕ್ಕಾಲು ಗಂಟೆ ಬರೆದೆ. ನನ್ನ ಲೆಕ್ಕಕ್ಕೆ ಚೆನ್ನಾಗಿಯೇ ಬಂದಿತ್ತು. ಕತ್ತು ಭುಜಕ್ಕೆ ಸೇರುವ ಜಾಗ ಮೊದಲ ಸಲ ಸರಿ ಬಂದ ಖುಷಿಯಲ್ಲಿ ಯಜಮಾನರಿಗೆ ತೋರಿಸಿದೆ. ಅವರು ಒಂದು ಕ್ಷಣ ನೋಡಿ, ಮುಖ ಪಕ್ಕಕ್ಕೆ ತಿರುಗಿಸಿ, "ಇದನ್ನ ಇಟ್ಕೋಬೇಡ" ಅಂದರು.

ಆಗ ನನಗೂ ಕಂಡಿತು. ಪೆನ್ಸಿಲ್ಲಿಗೆ ಉಸಿರಾಟ ಗೊತ್ತಿಲ್ಲ. ಎದೆ ಏರಿ ಇಳಿಯುವುದು ಹಾಳೆಯ ಮೇಲೆ ಬರುವುದಿಲ್ಲ. ನಾನು ಬರೆದದ್ದು ಮಲಗಿದ ಹುಡುಗನನ್ನಲ್ಲ... ಮುಂದಿನದನ್ನು ಬರೆಯಲು ಮನಸ್ಸು ಬರುವುದಿಲ್ಲ. ಹಾಳೆ ಹರಿದು ಹಾಕಿದೆ. ನಾನೇನೂ ಅಂಥ ಮೂಢನಂಬಿಕೆಯವಳಲ್ಲ, ಆದರೂ ಹರಿದೆ. ಆಮೇಲೆ ಹೋಗಿ ಅವನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ ಅನ್ನೋದನ್ನೂ ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ತುಂಬಾ ವರ್ಷದ ಹಿಂದೆ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿಯಲ್ಲಿ ನೋಡಿದ ಒಂದು ಚಿತ್ರ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು. ಆಗ ನನಗೆ ಮದುವೆಯಾಗಿರಲಿಲ್ಲ. ಪುಟ ತಿರುಗಿಸುವಾಗ ಥಟ್ಟನೆ ಎದುರಾದ ಚಿತ್ರ ಅದು. ಬೆತ್ತಲೆ ಹೆಂಗಸೊಬ್ಬಳು ನೆಲದ ಮೇಲೆ ಕಾಲು ಮಡಿಸಿ ಕೂತು, ತೊಡೆಯ ಮೇಲೆ ಸತ್ತ ಮಗುವನ್ನು ಎರಡೂ ತೋಳಿನಿಂದ ತಬ್ಬಿಕೊಂಡು, ಅದರ ಎದೆಗೆ ತನ್ನ ಮುಖ ಒತ್ತಿ ಹಿಡಿದಿದ್ದಾಳೆ. ಪುಸ್ತಕ ಮುಚ್ಚಿ ವಾಪಸ್ ರಾಶಿಗೆ ಹಾಕಿ ಬಂದಿದ್ದೆ. ಬರೆದವಳ ಹೆಸರು ಮಾತ್ರ ತಲೆಯಲ್ಲಿ ಉಳಿದಿತ್ತು: ಕೇಟೆ ಕೋಲ್ವಿಟ್ಸ್.

ಆ ಹಾಳೆ ಹರಿದ ದಿನದಿಂದ ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗುತ್ತಾ ಹೋಯಿತು. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

*

ಮೊದಲು ಆಕೆ ಯಾರು ಅಂತ ನೋಡೋಣ. ಕೇಟೆ ಹುಟ್ಟಿದ್ದು 1867ರಲ್ಲಿ, ಆಗ ಪೂರ್ವ ಪ್ರಷ್ಯಾದಲ್ಲಿದ್ದ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ. ಇವತ್ತು ಅದು ರಷ್ಯಾದ ಕಲಿನಿನ್‌ಗ್ರಾದ್. ಅಪ್ಪ ಕಾನೂನು ಓದಿದವನು, ಆದರೆ ತನ್ನ ವಿಚಾರಗಳಿಗೆ ಸರ್ಕಾರಿ ಕೆಲಸ ಹೊಂದುವುದಿಲ್ಲ ಅಂತ ಮನೆ ಕಟ್ಟುವ ಕೆಲಸ ಕಲಿತವನು. ಮಗಳಿಗೆ ಚಿತ್ರದ ಕೈ ಇದೆ ಅಂತ ಗೊತ್ತಾದಾಗ ಕಲಿಸಲು ಮುಂದಾದದ್ದೂ ಅವನೇ.

ಆದರೆ ಕಲಿಯೋದು ಎಲ್ಲಿ? ಬರ್ಲಿನ್ನಿನ ಕಲಾ ಅಕಾಡೆಮಿಯ ಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಅದರ ಬಾಗಿಲು ತೆರೆದದ್ದು ಮೊದಲ ಮಹಾಯುದ್ಧ ಮುಗಿದು, ರಾಜಪ್ರಭುತ್ವ ಹೋದ ಮೇಲೆ, 1919ರಲ್ಲಿ. ಅಲ್ಲಿಯವರೆಗೆ ಹೆಣ್ಣುಮಕ್ಕಳು ಬೇರೆ ಶಾಲೆಗಳಿಗೆ ಹೋಗಬೇಕಿತ್ತು. ಕೇಟೆ 1880ರ ದಶಕದಲ್ಲಿ ಬರ್ಲಿನ್ನಿನ ಮಹಿಳಾ ಕಲಾಶಾಲೆಯಲ್ಲಿ ಕಾರ್ಲ್ ಸ್ಟಾಫರ್-ಬರ್ನ್ ಹತ್ತಿರವೂ, ಆಮೇಲೆ ಮ್ಯೂನಿಕ್‌ನಲ್ಲಿ ಲುಡ್ವಿಗ್ ಹೆರ್ಟೆರಿಶ್ ಹತ್ತಿರವೂ ಕಲಿತಳು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಕಾಲದ ಯುರೋಪಿನಲ್ಲಿ ಚಿತ್ರಕಾರ ಅನ್ನಿಸಿಕೊಳ್ಳಬೇಕಾದರೆ ಮನುಷ್ಯನ ಬೆತ್ತಲೆ ದೇಹವನ್ನು ಎದುರಿಗೆ ಕೂರಿಸಿಕೊಂಡು ಬರೆದು ಕಲಿಯಲೇಬೇಕಿತ್ತು. ಅದೇ ಅಡಿಪಾಯ. ಪುರಾಣದ, ಯುದ್ಧದ, ಬೈಬಲ್ಲಿನ ದೊಡ್ಡ ದೊಡ್ಡ ಚಿತ್ರಗಳೆಲ್ಲ ಅದರ ಮೇಲೆ ನಿಂತಿದ್ದವು. ಆ ಕಲಿಕೆಗೆ ಹೆಣ್ಣು ಸರಿಯಾಗಿ ಹತ್ತಿರ ಬರದಂತೆ ತಲೆತಲಾಂತರದಿಂದ ನೋಡಿಕೊಂಡು, ಆಮೇಲೆ "ಹೆಂಗಸರಿಗೆ ಹೂವಿನ ಕುಂಡವೇ ಸರಿ" ಅಂತ ತೀರ್ಪು ಕೊಡುತ್ತಿದ್ದರು!

ಕೇಟೆ ಹೂವಿನ ಕುಂಡ ಬರೆಯಲಿಲ್ಲ. ಬಣ್ಣವನ್ನೂ ಹೆಚ್ಚು ಹಚ್ಚಿಕೊಳ್ಳಲಿಲ್ಲ. ಆಗ ಮಾಕ್ಸ್ ಕ್ಲಿಂಗರ್ ಅನ್ನುವ ಕಲಾವಿದ, ಬಾಳಿನ ಕತ್ತಲೆಯ ಕಡೆಯನ್ನು ಹೇಳಲು ಬಣ್ಣಕ್ಕಿಂತ ರೇಖೆಯೇ ಸರಿ ಅಂತ ವಾದಿಸಿ ಒಂದು ಪುಸ್ತಿಕೆ ಬರೆದಿದ್ದ. ಅದನ್ನು ಓದಿ ಈಕೆ ಎಚ್ಚಿಂಗ್, ಲಿಥೋಗ್ರಾಫಿನ ಕಡೆ ತಿರುಗಿದಳು. ಕಪ್ಪು, ಬಿಳುಪು, ನಡುವಿನ ಬೂದು. ಅಷ್ಟೇ.

1891ರಲ್ಲಿ ಕಾರ್ಲ್ ಕೋಲ್ವಿಟ್ಸ್ ಜೊತೆ ಮದುವೆ. ಆತ ಡಾಕ್ಟರು. ಬರ್ಲಿನ್ನಿನ ಉತ್ತರಕ್ಕಿದ್ದ ಕೂಲಿಕಾರರ ಬಡಾವಣೆ ಪ್ರೆನ್ಸ್‌ಲಾವರ್ ಬರ್ಗ್‌ನಲ್ಲಿ ದರ್ಜಿಗಳ ಆರೋಗ್ಯ ನಿಧಿಯ ವೈದ್ಯ. ಮನೆ, ಕ್ಲಿನಿಕ್ಕು ಒಂದೇ ಕಟ್ಟಡದಲ್ಲಿ. ಆ ಮನೆಯಲ್ಲೇ ಕೇಟೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದಳು. ಗಂಡನ ಹತ್ತಿರ ಬರುವ ಹೆಂಗಸರು ಈಕೆಯ ಹತ್ತಿರವೂ ಬಂದು ಕೂರುತ್ತಿದ್ದರು. ಕೆಲಸ ಕಳೆದುಕೊಂಡ ಗಂಡ, ಕುಡಿತ, ಮತ್ತೊಂದು ಬಸಿರು, ಕೆಮ್ಮುವ ಮಗು. ಅಕಾಡೆಮಿ ಕಲಿಸದ ದೇಹಗಳೆಲ್ಲ ಈಕೆಯ ಮನೆ ಮೆಟ್ಟಿಲು ಹತ್ತಿ ಬಂದವು ಅಂತ ನನಗನ್ನಿಸುತ್ತದೆ. ಬಟ್ಟೆ ಒಗೆದು ಊದಿದ ಗೆಣ್ಣು, ಎತ್ತಿ ಎತ್ತಿ ಬಾಗಿದ ಬೆನ್ನು, ಮಗು ಹಿಡಿದು ಒಂದು ಕಡೆಗೆ ವಾಲಿದ ಸೊಂಟ.

1893ರಲ್ಲಿ ಗೆರ್ಹಾರ್ಟ್ ಹಾಪ್ಟ್‌ಮನ್‌ನ 'ನೇಕಾರರು' ನಾಟಕ ನೋಡಿ ಬಂದವಳು ನಾಲ್ಕೈದು ವರ್ಷ ಕೂತು ಆರು ಚಿತ್ರಗಳ ಸರಣಿ ಮಾಡಿದಳು. 1898ರ ಬರ್ಲಿನ್ ಮಹಾಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಕೊಡಬೇಕು ಅಂತ ಹಿರಿಯ ಕಲಾವಿದ ಅಡಾಲ್ಫ್ ಮೆಂಜೆಲ್ ಮುಂತಾದವರಿದ್ದ ತೀರ್ಪುಗಾರರು ಶಿಫಾರಸು ಮಾಡಿದರು. ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಒಪ್ಪಲಿಲ್ಲ. ಪದಕ ಸಿಗಲಿಲ್ಲ, ಹೆಸರು ಮಾತ್ರ ಊರೆಲ್ಲಾ ಆಯಿತು.

*

ಈಗ ನಾನು ಮುಚ್ಚಿಟ್ಟು ಬಂದ ಆ ಚಿತ್ರಕ್ಕೆ ಬರೋಣ. 'ಸತ್ತ ಮಗುವಿನೊಡನೆ ಹೆಂಗಸು', 1903. ಅಗಲ ಅರ್ಧ ಮೀಟರಿಗೂ ಕಡಿಮೆ. ಎಚ್ಚಿಂಗ್ ಅಂದರೆ ಲೋಹದ ತಗಡಿಗೆ ಮೇಣದಂಥ ಪದರ ಬಳಿದು, ಅದರ ಮೇಲೆ ಗೀಚಿ, ಆಸಿಡ್‌ನಲ್ಲಿ ಅದ್ದುವುದು. ಗೀಚಿದ ಕಡೆ ಆಸಿಡ್ ಕೊರೆದು ಗುಳಿ ಮಾಡುತ್ತದೆ, ಅಲ್ಲಿ ಮಸಿ ನಿಲ್ಲುತ್ತದೆ. ಕೇಟೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ಉಪ್ಪುಕಾಗದ ಒತ್ತಿದಳು, ಮೆತ್ತನೆಯ ಪದರದ ಮೇಲೆ ಗೆರೆಗೆರೆಯ ಕಾಗದದ ಅಚ್ಚು ತೆಗೆದಳು, ಸೂಜಿಯಿಂದ ನೇರವಾಗಿ ಲೋಹವನ್ನೇ ಕೆರೆದಳು. ಅದಕ್ಕೇ ಆ ಹೆಂಗಸಿನ ಮೈ ನುಣುಪಾಗಿಲ್ಲ. ತೊಗಟೆಯ ಹಾಗಿದೆ.

ಆ ದೇಹ ಚೆಂದದ ದೇಹ ಅಲ್ಲ. ಮ್ಯೂಸಿಯಮ್ಮುಗಳಲ್ಲಿ ಸೋಫಾ ಮೇಲೆ ಒರಗಿದ ನೂರಾರು ಬೆತ್ತಲೆ ಹೆಂಗಸರ ಚಿತ್ರಗಳನ್ನು ಗಂಡಸರು ಬರೆದಿಟ್ಟಿದ್ದಾರಲ್ಲ, ಅವರೆಲ್ಲ ನೋಡುವವನಿಗಾಗಿ ಒರಗಿದವರು. ಈಕೆಗೆ ನೋಡುವವರ ಪರಿವೆಯೇ ಇಲ್ಲ. ದಪ್ಪ ಮೊಣಕಾಲು, ದೊಡ್ಡ ಪಾದ, ಬಲವಾದ ತೋಳು. ಮಗುವಿನ ತಲೆ ಹಿಂದಕ್ಕೆ ಬಿದ್ದಿದೆ, ಆ ಮುಖ ಮಾತ್ರ ಬೆಳ್ಳಗೆ, ಶಾಂತವಾಗಿದೆ. ತಾಯಿ ಮಗುವನ್ನು ವಾಪಸ್ ತನ್ನ ಮೈಯೊಳಕ್ಕೆ ತೆಗೆದುಕೊಳ್ಳಲು ನೋಡುತ್ತಿದ್ದಾಳೇನೋ ಅನ್ನಿಸುತ್ತದೆ. ಕರು ಸತ್ತ ಹಸು ಮೂಸುವುದನ್ನು ನೋಡಿದ್ದೀರಾ? ಹಾಗೆ.

ಈ ಚಿತ್ರಕ್ಕೆ ಮಾಡೆಲ್ ಯಾರು ಗೊತ್ತೇ? ತಾಯಿ ಕೇಟೆ ತಾನೇ. ಮಗು ಆಕೆಯ ಕಿರಿಮಗ ಪೀಟರ್. ಅವನಿಗಾಗ ಏಳು ವರ್ಷ.

ಕನ್ನಡಿಯ ಮುಂದೆ ಕೂತು, ಮಗನನ್ನು ತೋಳಲ್ಲಿ ಹಿಡಿದುಕೊಂಡು, ಕನ್ನಡಿ ನೋಡುತ್ತಾ ಬರೆದಳಂತೆ. ಏಳು ವರ್ಷದ ಹುಡುಗ ಎಷ್ಟು ಭಾರ ಇರುತ್ತಾನೆ ಅಂತ ನನಗೆ ಚೆನ್ನಾಗಿ ಗೊತ್ತು, ಈಗೀಗ ನನ್ನ ಕೈಲಿ ನನ್ನವನನ್ನು ಎತ್ತಲಾಗುವುದಿಲ್ಲ. ಕೇಟೆಗೂ ಕಷ್ಟವಾಗಿ ಒಮ್ಮೆ ನರಳಿದಳಂತೆ. ಆಗ ಆ ಹುಡುಗ ತನ್ನ ಸಣ್ಣ ದನಿಯಲ್ಲಿ ಅಮ್ಮನಿಗೇ ಸಮಾಧಾನ ಹೇಳಿದನಂತೆ, ಸುಮ್ಮನಿರು, ಚಿತ್ರ ಚೆನ್ನಾಗಿ ಬರುತ್ತೆ ಅಂತ. ಇದನ್ನು ಆಕೆಯೇ ಮುಂದೆ ಪತ್ರವೊಂದರಲ್ಲಿ ನೆನಪಿಸಿಕೊಂಡಿದ್ದಾಳೆ.

ಪ್ರದರ್ಶನದಲ್ಲಿ ಈ ಚಿತ್ರ ನೋಡಿದ ಹಳೇ ಗೆಳತಿ ಬೇಟೆ ಬೋನುಸ್-ಯೇಪ್ ಗಾಬರಿಯಾಗಿಬಿಟ್ಟಳಂತೆ, ಪೀಟರ್‌ಗೆ ಏನಾದರೂ ಆಯಿತೇ ಅಂತ. ಏನೂ ಆಗಿರಲಿಲ್ಲ. ಹುಡುಗ ಆರಾಮಾಗಿದ್ದ.

ಹನ್ನೊಂದು ವರ್ಷದ ನಂತರ, 1914ರ ಅಕ್ಟೋಬರಿನಲ್ಲಿ, ಪೀಟರ್ ಬೆಲ್ಜಿಯಮ್ಮಿನ ಡಿಕ್ಸ್‌ಮುಯ್ಡ ಹತ್ತಿರ ಯುದ್ಧದಲ್ಲಿ ಸತ್ತ. ಅವನಿಗೆ ಹದಿನೆಂಟು ವರ್ಷ.

*

ಇಲ್ಲಿಗೆ ಬಂದಾಗ ಎಲ್ಲರೂ ಹೇಳುವ ಮಾತು ಒಂದೇ. ಮುನ್ಸೂಚನೆ! ತಾಯಿಯ ಕರುಳಿಗೆ ಮೊದಲೇ ಗೊತ್ತಾಗಿತ್ತು! ಬರೆದದ್ದೇ ನಿಜವಾಯಿತು!

ಆ ರಾತ್ರಿ ಹಾಳೆ ಹರಿದಾಗ ನಾನೂ ಹಾಗೇ ಯೋಚಿಸಿದ್ದು. ಈಗ ಒಪ್ಪುವುದಿಲ್ಲ. ಅದೊಂದು ಸುಳ್ಳು ಸಮಾಧಾನ ಅಂತ ನನಗನ್ನಿಸುತ್ತದೆ, ಎರಡು ಕಾರಣಕ್ಕೆ.

ಮೊದಲನೆಯದು, ಕೇಟೆಗೆ ಸತ್ತ ಮಗು ಅಂದರೆ ಏನು ಅಂತ ತಿಳಿಯಲು ಭವಿಷ್ಯ ನೋಡಬೇಕಾಗಿರಲಿಲ್ಲ, ಹಿಂದಕ್ಕೆ ನೋಡಿದರೆ ಸಾಕಿತ್ತು. ಆಕೆಯ ತಾಯಿ ಮೊದಲ ಎರಡು ಮಕ್ಕಳನ್ನು ಕಳೆದುಕೊಂಡವಳು. ಕೊನೆಯ ತಮ್ಮ ಬೆಂಜಮಿನ್ ಮೆದುಳು ಜ್ವರದಲ್ಲಿ ಹೋದದ್ದು ಕೇಟೆ ಚಿಕ್ಕವಳಿದ್ದಾಗ. ಅಮ್ಮ ಅಳದೆ, ಮಾತಾಡದೆ, ಎಲ್ಲವನ್ನೂ ನುಂಗಿಕೊಂಡು ಓಡಾಡುತ್ತಿದ್ದ ಮುಖ ಆಕೆಯ ಮನಸ್ಸಿನಿಂದ ಹೋಗಲೇ ಇಲ್ಲ. ಆಮೇಲೆ ಗಂಡನ ಕ್ಲಿನಿಕ್ಕು. ಆಂಟಿಬಯೋಟಿಕ್ ಇಲ್ಲದ ಕಾಲ, ಕೂಲಿಕಾರರ ಕೇರಿ. ಅಲ್ಲಿ ಇಂಥ ತಾಯಂದಿರು ಅಪರೂಪವೇನಲ್ಲ. ಆ ಮುಖ, ಆ ಬೆನ್ನು, ಆ ತೋಳು ಆಕೆಗೆ ಗೊತ್ತಿದ್ದವು. ಬೇರೆಯವರ ದುಃಖವನ್ನು ಬರೆಯಲು ತನ್ನ ಮೈಯನ್ನೇ ಮಾಡೆಲ್ಲಾಗಿ ಕೊಟ್ಟಳು, ಮಗನನ್ನೂ ಕರೆದಳು, ಅವನು ಸಹಕರಿಸಿದ. ಅಲ್ಲಿ ನಡೆದದ್ದು ಕೆಲಸ. ತೋಳು ನೋಯುವಂಥ ಕೆಲಸ. ಅದನ್ನು ಕರುಳಿನ ಭವಿಷ್ಯ ಅಂದುಬಿಟ್ಟರೆ ಆಕೆಯ ದುಡಿಮೆ ನಡುವಿನಿಂದ ಮಾಯವಾಗುತ್ತದೆ. ಗಂಡಸೊಬ್ಬ ಬರೆದಿದ್ದರೆ ಅಭ್ಯಾಸ, ಅಧ್ಯಯನ ಅನ್ನುತ್ತಿದ್ದೆವು.

ಎರಡನೆಯ ಕಾರಣ ಇನ್ನೂ ಕಹಿ. ಪೀಟರ್ ಸತ್ತದ್ದು ವಿಧಿಯಿಂದಲ್ಲ. ಒಂದು ಅನುಮತಿಯಿಂದ.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಪೀಟರ್ ಗೆಳೆಯರ ಜೊತೆ ನಾರ್ವೆ ಪ್ರವಾಸದಲ್ಲಿದ್ದ. ಹಿಂತಿರುಗಿದವನೇ ಸ್ವಯಂಸೇವಕನಾಗಿ ಸೈನ್ಯ ಸೇರುತ್ತೇನೆ ಅಂದ. ಪ್ರಾಯಕ್ಕೆ ಬಂದಿರಲಿಲ್ಲವಾದ್ದರಿಂದ ಅಪ್ಪನ ಅನುಮತಿ ಬೇಕಿತ್ತು. ಕಾರ್ಲ್ ಬೇಡ ಅಂದ. ನಿನ್ನ ವಯಸ್ಸಿನವರನ್ನು ದೇಶ ಇನ್ನೂ ಕರೆದಿಲ್ಲವಲ್ಲ ಅಂತ ವಾದಿಸಿದ. ಪೀಟರ್ ಮಾತಿಲ್ಲದೆ ಅಮ್ಮನ ಕಡೆ ನೋಡಿದ. ಆ ನೋಟ ಕಂಡು ಕೇಟೆ ಎದ್ದು, ಮಗನ ಪರವಾಗಿ ಗಂಡನನ್ನು ಬೇಡಿಕೊಂಡಳು. ಕಾರ್ಲ್ ಒಪ್ಪಿದ. ಆಗಸ್ಟ್ 10ರ ಆಕೆಯ ಡೈರಿಯಲ್ಲಿ ಇದೆಲ್ಲ ಇದೆ.

ಅಕ್ಟೋಬರಿನಲ್ಲಿ ಹುಡುಗ ರಣರಂಗಕ್ಕೆ ಹೊರಟ. 22ರ ರಾತ್ರಿ ಗುಂಡು ತಗಲಿತು. ತಿಂಗಳ ಕೊನೆಯಲ್ಲಿ ಮನೆಗೆ ಸುದ್ದಿ ಬಂತು.

ಈಗ ಹೇಳಿ. ಹನ್ನೊಂದು ವರ್ಷ ಮೊದಲು ಬರೆದ ಚಿತ್ರದಲ್ಲಿ ಹಣೆಬರಹ ಬರೆದಿತ್ತು ಅಂದರೆ ಎಷ್ಟು ಹಗುರ! ಯಾರದ್ದೂ ತಪ್ಪಿಲ್ಲ. ರಾಜನದ್ದಲ್ಲ, ಮೇಷ್ಟ್ರುಗಳದ್ದಲ್ಲ, ಪತ್ರಿಕೆಗಳದ್ದಲ್ಲ, ತಾಯಿಯದ್ದೂ ಅಲ್ಲ. ಕೇಟೆ ತನಗೆ ಆ ಸಮಾಧಾನ ಕೊಟ್ಟುಕೊಳ್ಳಲಿಲ್ಲ. ನಾವು ಯಾಕೆ ಕೊಡಬೇಕು?

*

ಆಮೇಲೆ ಆದದ್ದು ನನ್ನನ್ನು ಹೆಚ್ಚು ಕಾಡಿದ್ದು. ಬದುಕಿದ್ದ ಮಗನನ್ನು ಸತ್ತವನಂತೆ ಬರೆದಿದ್ದ ಕೈಗೆ, ಅವನು ನಿಜವಾಗಿ ಸತ್ತ ಮೇಲೆ ಅವನ ದೇಹ ದಕ್ಕಲಿಲ್ಲ.

ಮೊದಲನೆಯದಾಗಿ ಆ ದೇಹ ಆಕೆಗೆ ನೋಡಲು ಸಿಗಲೇ ಇಲ್ಲ, ಅದು ಬೆಲ್ಜಿಯಮ್ಮಿನ ಮಣ್ಣಿನಲ್ಲಿತ್ತು. 1914ರ ಡಿಸೆಂಬರಿನಲ್ಲೇ ಸ್ಮಾರಕದ ಯೋಜನೆ ಹಾಕಿದಳು. ಪೀಟರ್ ಮೈಚಾಚಿ ಮಲಗಿರಬೇಕು, ತಲೆಯ ಕಡೆ ಅಪ್ಪ, ಕಾಲಿನ ಕಡೆ ಅಮ್ಮ. 1904ರಲ್ಲಿ ಪ್ಯಾರಿಸ್ಸಿಗೆ ಹೋಗಿ ಶಿಲ್ಪದ ಪಾಠ ಕಲಿತು, ರೊದಾನನ್ನೂ ಕಂಡು ಬಂದಿದ್ದವಳು ಆಕೆ. ಜೇಡಿಮಣ್ಣಿನಲ್ಲಿ ಮಾಡಿದಳು, ಕೆಡವಿದಳು, ಮತ್ತೆ ಮಾಡಿದಳು. ವರ್ಷಗಟ್ಟಲೆ. ತೃಪ್ತಿಯಾಗಲಿಲ್ಲ. 1919ರಲ್ಲಿ ಕೈಬಿಟ್ಟಳು.

ಕೈ ನಡೆಯಲಿಲ್ಲ ಅಂತ ಅಲ್ಲ. ಅದೇ 1919ರ ಜನವರಿಯಲ್ಲಿ ಕ್ರಾಂತಿಕಾರಿ ಕಾರ್ಲ್ ಲೀಬ್‌ಕ್ನೆಕ್ಟ್‌ನ ಕೊಲೆಯಾದಾಗ ಮನೆಯವರು ಕೇಟೆಯನ್ನು ಕರೆಸಿದರು. ಶವಾಗಾರಕ್ಕೆ ಹೋಗಿ, ಗುಂಡು ಹೊಕ್ಕ ಹಣೆಗೆ ಕೆಂಪು ಹೂ ಇಟ್ಟಿದ್ದ ಆ ಹೆಣದ ಚಿತ್ರ ಬರೆದು ಬಂದಳು. ಅದು ಮುಂದಿನ ವರ್ಷ ಮರದ ಅಚ್ಚಿನಲ್ಲಿ ಪ್ರಸಿದ್ಧ ಚಿತ್ರವಾಯಿತು. ಬೇರೆಯವರ ಮಗನನ್ನು ಬರೆಯಲು ಆಯಿತು. ತನ್ನವನನ್ನು ಆಗಲಿಲ್ಲ.

ಯಾಕಿರಬಹುದು? ನನಗನ್ನಿಸುವುದು ಇಷ್ಟು. 1914ರಲ್ಲಿ ಆಕೆ ಕಲ್ಪಿಸಿದ್ದು ದೇಶಕ್ಕಾಗಿ ತನ್ನನ್ನು ಅರ್ಪಿಸಿಕೊಂಡ ಹುಡುಗನ ದೇಹ. ಯುದ್ಧ ಮುಂದುವರಿದಂತೆ ಆ ನಂಬಿಕೆಯೇ ಆಕೆಯ ಕೈಯಿಂದ ಜಾರುತ್ತಾ ಹೋಯಿತು. ನಂಬಿಕೆ ಬಿಟ್ಟರೆ ಮಗನಿಗೆ ದ್ರೋಹ ಮಾಡಿದಂತೆ ಅಂತ ಡೈರಿಯಲ್ಲಿ ಒದ್ದಾಡಿದ್ದಾಳೆ. 1918ರ ಅಕ್ಟೋಬರಿನಲ್ಲಿ ಕವಿ ರಿಚರ್ಡ್ ಡೇಮೆಲ್ ಕೊನೆಯದೊಂದು ಸಲ ಸ್ವಯಂಸೇವಕರು ಮುಂದೆ ಬರಲಿ ಅಂತ ಕರೆ ಕೊಟ್ಟಾಗ, ಕೇಟೆ ಪತ್ರಿಕೆಗೆ ಬಹಿರಂಗ ಪತ್ರ ಬರೆದು ವಿರೋಧಿಸಿದಳು. ಸಾಕಷ್ಟು ಜನ ಸತ್ತಿದ್ದಾರೆ, ಇನ್ನು ಒಬ್ಬನೂ ಬೇಡ ಅನ್ನುವುದು ಅದರ ಸಾರ. ಬಿತ್ತನೆಗೆ ಇಟ್ಟ ಕಾಳನ್ನು ಬೀಸಿ ಹಿಟ್ಟು ಮಾಡಬಾರದು ಅನ್ನುವ ಅರ್ಥದ ಗಯಟೆಯ ಮಾತೊಂದನ್ನು ಕೊನೆಗೆ ಸೇರಿಸಿದಳು. ನಮ್ಮ ರೈತರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಂಥಾ ಬರಗಾಲದಲ್ಲೂ ಬೀಜದ ಮಡಕೆಗೆ ಕೈ ಹಾಕುವುದಿಲ್ಲ.

ಮಲಗಿದ ಹುಡುಗನನ್ನು ಸುಂದರವಾಗಿ ಕೆತ್ತಿದರೆ ಸಾವು ಸುಂದರವಾಗುತ್ತದೆ. ನೋಡಿದ ಇನ್ನೊಬ್ಬ ಹುಡುಗ ಹೊರಡುತ್ತಾನೆ. ಅದಕ್ಕೇ ಆ ದೇಹ ಹೋಗಬೇಕಾಯಿತೇನೋ.

1920ರ ದಶಕದ ಮೊದಲಲ್ಲಿ ಆಕೆ ಮರದ ಅಚ್ಚಿನಲ್ಲಿ 'ಯುದ್ಧ' ಅನ್ನುವ ಏಳು ಚಿತ್ರಗಳ ಸರಣಿ ಮಾಡಿದಳು. ಅದರಲ್ಲಿ ರಣರಂಗ ಇಲ್ಲ, ಬಂದೂಕು ಇಲ್ಲ. ಮೊದಲ ಚಿತ್ರದ ಹೆಸರು 'ಬಲಿ'. ಬೆತ್ತಲೆ ತಾಯಿ ಹಸುಗೂಸನ್ನು ಎರಡೂ ಕೈಯಲ್ಲಿ ಮುಂದಕ್ಕೆ ಎತ್ತಿ ಒಪ್ಪಿಸುತ್ತಿದ್ದಾಳೆ, ಕಣ್ಣು ಮುಚ್ಚಿಕೊಂಡು. ಆಗಸ್ಟ್ 10ರ ಆ ಕೋಣೆ ಗೊತ್ತಿದ್ದವರಿಗೆ ಆ ಮುಚ್ಚಿದ ಕಣ್ಣುಗಳು ಹೇಳುವುದು ಬಹಳ.

ಅಂದ ಹಾಗೆ, ಈ 'ಬಲಿ' ಎಲ್ಲಿಯವರೆಗೆ ಹೋಯಿತು ನೋಡಿ. 1931ರಲ್ಲಿ ಶಾಂಘೈನಲ್ಲಿ ರೌ ಶಿ ಅನ್ನುವ ಯುವ ಲೇಖಕನನ್ನು ಸರ್ಕಾರ ಗುಟ್ಟಾಗಿ ಗುಂಡಿಕ್ಕಿ ಕೊಂದಿತು. ಅವನ ಗೆಳೆಯ, ಚೀನಾದ ದೊಡ್ಡ ಲೇಖಕ ಲು ಷುನ್‌ಗೆ ಅದರ ಬಗ್ಗೆ ಬಾಯಿಬಿಟ್ಟು ಬರೆಯುವಂತಿರಲಿಲ್ಲ. ರೌ ಶಿಯ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಲು ಷುನ್ ಒಂದು ಪತ್ರಿಕೆಯಲ್ಲಿ ಕೇಟೆಯ 'ಬಲಿ' ಅಚ್ಚು ಹಾಕಿಸಿದ. ಅದೇ ಶ್ರದ್ಧಾಂಜಲಿ. 1936ರಲ್ಲಿ ಆತ ಕೇಟೆಯ ಚಿತ್ರಗಳ ಒಂದು ಪುಸ್ತಕವನ್ನೇ ತಂದ. ಅದಕ್ಕೆ ಮುನ್ನುಡಿ ಬರೆದ ಅಮೆರಿಕದ ಆಗ್ನೆಸ್ ಸ್ಮೆಡ್ಲಿ, 1920ರ ದಶಕದಲ್ಲಿ ಸರೋಜಿನಿ ನಾಯ್ಡು ಅವರ ಅಣ್ಣ-ತಮ್ಮಂದಿರಲ್ಲಿ ಒಬ್ಬರಾದ ವೀರೇಂದ್ರನಾಥ ಚಟ್ಟೋಪಾಧ್ಯಾಯರ ಜೊತೆ ಬರ್ಲಿನ್ನಿನಲ್ಲಿ ಸಂಸಾರ ಮಾಡಿದ್ದಾಗ ಕೇಟೆಯ ಪರಿಚಯ ಮಾಡಿಕೊಂಡಿದ್ದವಳು. ಪ್ರಪಂಚ ಎಷ್ಟು ಚಿಕ್ಕದು ನೋಡಿ!

*

1920ರ ದಶಕದ ಮಧ್ಯದಲ್ಲಿ ಕೇಟೆ ಸ್ಮಾರಕಕ್ಕೆ ಮತ್ತೆ ಕೈ ಹಾಕಿದಳು. ಈ ಸಲ ಮಗನ ದೇಹ ಇಲ್ಲ. ಅಪ್ಪ, ಅಮ್ಮ ಇಬ್ಬರೇ. 1926ರಲ್ಲಿ ಗಂಡನ ಜೊತೆ ಬೆಲ್ಜಿಯಮ್ಮಿಗೆ ಹೋಗಿ ಸಮಾಧಿ ನೋಡಿ ಬಂದಳು. 1932ರ ಬೇಸಿಗೆಯಲ್ಲಿ ಆ ಎರಡು ಕಲ್ಲಿನ ವಿಗ್ರಹಗಳನ್ನು ಮಗ ಮಲಗಿದ್ದ ಸ್ಮಶಾನದಲ್ಲಿ ನಿಲ್ಲಿಸಿದರು. ಹದಿನೆಂಟು ವರ್ಷವಾಗಿತ್ತು. ಪೀಟರ್ ಬದುಕಿದ್ದಷ್ಟೇ ವರ್ಷ.

ಅಪ್ಪ ಮೊಣಕಾಲೂರಿ, ಬೆನ್ನು ನೆಟ್ಟಗೆ ಮಾಡಿ, ತನ್ನ ತೋಳುಗಳಿಂದ ತನ್ನನ್ನೇ ಬಿಗಿಯಾಗಿ ಕಟ್ಟಿಕೊಂಡಿದ್ದಾನೆ. ಅಮ್ಮ ಮೊಣಕಾಲೂರಿ ಮುಂದಕ್ಕೆ ಬಾಗಿದ್ದಾಳೆ. ಇಬ್ಬರ ನಡುವೆ ಜಾಗವಿದೆ, ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟುತ್ತಿಲ್ಲ. ಅಪ್ಪನಲ್ಲಿ ಕಾರ್ಲ್‌ನ ಚಹರೆ, ಅಮ್ಮನಲ್ಲಿ ಕೇಟೆಯದ್ದೇ. 1903ರ ಚಿತ್ರದ ಜೊತೆ ಇಟ್ಟು ನೋಡಿ. ಅಲ್ಲಿ ತೋಳಿನ ತುಂಬಾ ಮಗು. ಇಲ್ಲಿ ಅದೇ ತೋಳುಗಳಿಗೆ ಹಿಡಿದುಕೊಳ್ಳಲು ತಮ್ಮ ಮೈ ಬಿಟ್ಟರೆ ಬೇರೇನಿಲ್ಲ. 1950ರ ದಶಕದಲ್ಲಿ ಆ ಸಮಾಧಿಗಳನ್ನೂ ವಿಗ್ರಹಗಳನ್ನೂ ಹತ್ತಿರದ ವ್ಲಾಡ್ಸ್ಲೋಗೆ ಸಾಗಿಸಿದರು. ಈಗ ಅಲ್ಲಿ 25 ಸಾವಿರಕ್ಕೂ ಹೆಚ್ಚು ಜರ್ಮನ್ ಸೈನಿಕರು ಮಲಗಿದ್ದಾರೆ. ಪೀಟರ್‌ನ ಹೆಸರಿರುವ ಕಲ್ಲು ಆ ಅಪ್ಪನ ಮುಂದೆಯೇ ಇದೆ.

ಅಷ್ಟಕ್ಕೆ ಮುಗಿಯಲಿಲ್ಲ. 1919ರಲ್ಲಿ ಪ್ರಷ್ಯನ್ ಕಲಾ ಅಕಾಡೆಮಿ ಪ್ರೊಫೆಸರ್ ಅನ್ನುವ ಬಿರುದಿನ ಜೊತೆ ಕೇಟೆಯನ್ನು ಸದಸ್ಯಳಾಗಿ ಆರಿಸಿತ್ತು. ಹಿಟ್ಲರನ ವಿರುದ್ಧ ಎಡಪಕ್ಷಗಳು ಒಂದಾಗಲಿ ಅನ್ನುವ ಮನವಿಗೆ ಸಹಿ ಹಾಕಿದ್ದಕ್ಕೆ 1933ರಲ್ಲಿ ಹೊರಗೆ ಕಳಿಸಿದರು. ಪ್ರದರ್ಶನಗಳು ನಿಂತವು. 1936ರಲ್ಲಿ ಗೆಸ್ಟಾಪೋ ಪೊಲೀಸರು ಮನೆಗೆ ಬಂದು ಬೆದರಿಸಿ ಹೋದರು.

ಇಂಥ ದಿನಗಳಲ್ಲೇ, 1937ರ ಅಕ್ಟೋಬರ್ 22ರಂದು, ಪೀಟರ್ ಸತ್ತ ದಿನ, ಆಕೆ ಡೈರಿಯಲ್ಲಿ ಒಂದು ಸಣ್ಣ ಶಿಲ್ಪದ ಬಗ್ಗೆ ಬರೆಯುತ್ತಾಳೆ. ವಯಸ್ಸಾದ ತಾಯಿ ಕೂತಿದ್ದಾಳೆ, ಬೆಳೆದ ಮಗನ ದೇಹ ಆಕೆಯ ಮಂಡಿಗಳ ನಡುವೆ ಮುದುಡಿಕೊಂಡಿದೆ. ಎತ್ತರ 38 ಸೆಂಟಿಮೀಟರು. ಅಂದರೆ ನಮ್ಮ ಶಾಲೆಯ ಅಡಿಪಟ್ಟಿಗಿಂತ ಸ್ವಲ್ಪ ಜಾಸ್ತಿ. ಇದು ನೋವಲ್ಲ, ಯೋಚನೆ ಅನ್ನುವ ಅರ್ಥದಲ್ಲಿ ಬರೆದುಕೊಂಡಿದ್ದಾಳೆ. ಇಪ್ಪತ್ಮೂರು ವರ್ಷದ ನಂತರ ಆ ದೇಹ ಕೊನೆಗೂ ಕೈಗೆ ಬಂತು. ತಬ್ಬಿಕೊಂಡಿಲ್ಲ, ಮುಖ ಒತ್ತಿಲ್ಲ. ಒಂದು ಕೈ ತನ್ನ ಬಾಯಿಯ ಹತ್ತಿರ, ಇನ್ನೊಂದರಲ್ಲಿ ಮಗನ ಕೈ.

1940ರಲ್ಲಿ ಕಾರ್ಲ್ ತೀರಿಕೊಂಡ. 1942ರಲ್ಲಿ ಮೊಮ್ಮಗ ರಷ್ಯಾದ ರಣರಂಗದಲ್ಲಿ ಸತ್ತ. ಅವನ ಹೆಸರೂ ಪೀಟರ್. 1943ರ ನವೆಂಬರಿನಲ್ಲಿ ಬಾಂಬು ಬಿದ್ದು ಐವತ್ತು ವರ್ಷದ ಮನೆ ಸುಟ್ಟುಹೋಯಿತು. ಯುದ್ಧ ಮುಗಿಯಲು ಇನ್ನೆರಡು ವಾರ ಇರುವಾಗ, 1945ರ ಏಪ್ರಿಲ್ 22ರಂದು, ಡ್ರೆಸ್ಡೆನ್ ಹತ್ತಿರದ ಮೊರಿಟ್ಸ್‌ಬುರ್ಗ್‌ನಲ್ಲಿ ಕೇಟೆ ಕಣ್ಣು ಮುಚ್ಚಿದಳು.

ಆ 38 ಸೆಂಟಿಮೀಟರಿನ ಶಿಲ್ಪವನ್ನು 1993ರಲ್ಲಿ ನಾಲ್ಕು ಪಟ್ಟು ದೊಡ್ಡದು ಮಾಡಿ ಬರ್ಲಿನ್ನಿನ ನೋಯ್ ವಾಖೆ ಅನ್ನುವ ರಾಷ್ಟ್ರೀಯ ಸ್ಮಾರಕದಲ್ಲಿ ಇಟ್ಟರು. ಆಗ ಟೀಕೆಯೂ ಬಂತು. ಕೊಂದವರನ್ನೂ ಸತ್ತವರನ್ನೂ ಒಂದೇ ಸಾಲಿನಲ್ಲಿ ನೆನೆಯುವುದು ಹೇಗೆ, ಕ್ರೈಸ್ತ ರೂಪದ ಈ ತಾಯಿ ಯಹೂದಿಗಳ ದುಃಖಕ್ಕೆ ಹೇಗೆ ನಿಲ್ಲುತ್ತಾಳೆ ಅಂತ. ನ್ಯಾಯವಾದ ಪ್ರಶ್ನೆಗಳೇ. ಖಾಲಿ ಹಾಲಿನ ನಡುವೆ ಒಂದೇ ಶಿಲ್ಪ, ಮೇಲೆ ಸೂರಿನಲ್ಲಿ ದುಂಡಗಿನ ಕಿಂಡಿ. ಮಳೆ ಬಂದರೆ ಮಳೆ, ಹಿಮ ಬಿದ್ದರೆ ಹಿಮ, ನೇರ ಆ ಅಮ್ಮನ ತಲೆಯ ಮೇಲೆ.

*

ಅವೆನ್ಯೂ ರಸ್ತೆಯಲ್ಲಿ ಮುಚ್ಚಿಟ್ಟು ಬಂದ ಚಿತ್ರವನ್ನು ಈಗ ಪೂರ್ತಿ ನೋಡಲು ನನ್ನಿಂದ ಸಾಧ್ಯ. ಸಾವಿನ ಚಿತ್ರ ಅಂತ ನೋಡಿದಾಗ ಹೆದರಿಕೆಯಾಗುತ್ತಿತ್ತು. ಈಗ ಅದರೊಳಗೆ ಇನ್ನೊಂದು ಕಾಣುತ್ತದೆ. ಕನ್ನಡಿ ಮುಂದೆ ಒಬ್ಬ ಅಮ್ಮ, ತೋಳು ಸೋತು ನರಳುತ್ತಿರುವವಳು. ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆ ಹಾಕಿ, ಅಲುಗಾಡದಿರಲು ತನ್ನ ಕೈಲಾದಷ್ಟು ಪ್ರಯತ್ನ ಮಾಡುತ್ತಿರುವ ಒಬ್ಬ ಹುಡುಗ. ಅವನು ಬದುಕಿದ್ದಾನೆ. ಬಹುಶಃ ಅವನಿಗೆ ನಗು ಕೂಡ ಬರುತ್ತಿರಬಹುದು.

ಹೋದ ಭಾನುವಾರ ನನ್ನ ಮಗನನ್ನು ಎಚ್ಚರವಿರುವಾಗಲೇ ಕೂರಿಸಿದೆ. ಐದು ನಿಮಿಷ ಅಂತ ಒಪ್ಪಂದ, ಬದಲಿಗೆ ಒಂದು ಐಸ್‌ಕ್ರೀಮು. ಎರಡು ನಿಮಿಷಕ್ಕೇ ಎದ್ದು ಓಡಿದ. ಒಂದು ಕಿವಿ ಮತ್ತು ಅರ್ಧ ಕೆನ್ನೆ ಮಾತ್ರ ಆಗಿದೆ. ಕಿವಿ ಸ್ವಲ್ಪ ದೊಡ್ಡದಾಯಿತು ಅಂತ ಅವನ ತಕರಾರು. ಆ ಹಾಳೆಯನ್ನು ಮಾತ್ರ ಹರಿದಿಲ್ಲ, ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ.

ನಿಮ್ಮಲ್ಲಿ ಯಾರಾದರೂ ಬೆಲ್ಜಿಯಮ್ ಕಡೆ ಇರುವವರು ವ್ಲಾಡ್ಸ್ಲೋಗೆ ಹೋಗಿ ಆ ಇಬ್ಬರನ್ನು ನೋಡಿದ್ದರೆ ದಯವಿಟ್ಟು ಬರೆಯಿರಿ. ಫೋಟೋಗಳಲ್ಲಿ ನೋಡಿದ್ದೇನೆ, ಆದರೆ ಆ ಇಬ್ಬರ ನಡುವಿನ ಜಾಗದ ಮುಂದೆ ನಿಂತಾಗ ಹೇಗಿರುತ್ತದೆ ಅಂತ ನಿಂತವರಿಂದಲೇ ಕೇಳಬೇಕು.